ಬೆಕ್ಕು ಮರಿ ಹಾಕಿದ್ದೂ ಸುದ್ದಿಯೇ, ಮೇಷ್ಟ್ರೇ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರಗಳು. ನಾನು ನಿಮ್ಮ ಪತ್ರಿಕೆಯ ಹಳೆಯ ಚಂದಾದಾರ. ಎರಡು ತಿಂಗಳಿಂದ ‘ಹಿತ್ತಲ ಮಾತು’ ಎಂಬ ಪುಟ ಶುರು ಮಾಡಿದ್ದೀರಿ. ಯಾರದೋ ಮನೆ ನಾಯಿ, ಇನ್ಯಾರದೋ ಮನೆ ಹೂವು. ನನ್ನ ಹೆಂಡತಿಯ ವಾಟ್ಸಾಪ್ ಗುಂಪಿನಲ್ಲಿ ಇದೇ ಹರಟೆ ಪುಕ್ಕಟೆಯಾಗಿ ಸಿಗುತ್ತದೆ. ಅಲ್ಲಿ 41 ಹೆಂಗಸರಿದ್ದಾರೆ. ಫೆಬ್ರವರಿ 18ರ ಒಂದೇ ದಿನ 214 ಸಂದೇಶ ಬಂದವು, ಅದರಲ್ಲಿ 63 ಸುರಗಿ ಹೂವಿನ ಮೇಲೆ. ನಾಯಿ ಮೈಯ ಉಣುಗು ಕೀಳುವುದು ಹೇಗೆ ಎಂಬುದರ ಮೇಲೆ 17. ನಮ್ಮ ಅಟ್ಟದಲ್ಲಿ ಬೆಕ್ಕು ಮೂರು ಮರಿ ಹಾಕಿದ ಫೋಟೋ ಅಮೆರಿಕದವರೆಗೆ ಹೋಗಿದೆ. ಎಲೆಚುಕ್ಕೆ ರೋಗದಿಂದ ಅಡಿಕೆ ತೋಟವೇ ಹೋಗುತ್ತಿರುವಾಗ ಒಂದು ಗಂಭೀರ ಪತ್ರಿಕೆ ಇಂಥದ್ದಕ್ಕೆ ಪುಟ ಕೊಡಬೇಕೆ?

— ನಿವೃತ್ತ ಮುಖ್ಯೋಪಾಧ್ಯಾಯರು, ತೀರ್ಥಹಳ್ಳಿ ತಾಲೂಕು

ಸಂಪಾದಕರ ಉತ್ತರ

ಮೇಷ್ಟ್ರೇ, ನಿಮ್ಮ ಕಾಗದ ಓದಿ ಮೊದಲು ನಕ್ಕೆ. ಸಿಟ್ಟಾಗಬೇಡಿ. ಸುರಗಿಯ ಮೇಲೆ 63 ಸಂದೇಶ ಎಂದು ಬರೆದಿದ್ದೀರಿ. ‘ಸುಮಾರು ಅರವತ್ತು’ ಅಲ್ಲ, 63. ಅಂದರೆ 214ನ್ನೂ ನೀವು ಓದಿದ್ದೀರಿ. ಓದಿ, ಹೂವಿಗೆ ಎಷ್ಟು, ಉಣುಗಿಗೆ ಎಷ್ಟು ಎಂದು ಬೇರೆ ಬೇರೆ ಮಾಡಿ ಎಣಿಸಿದ್ದೀರಿ. ನಮ್ಮ ಪತ್ರಿಕೆಯನ್ನು ಇಷ್ಟು ಶ್ರದ್ಧೆಯಿಂದ ಓದುವವರು ಇನ್ನೊಬ್ಬರು ಸಿಕ್ಕರೆ ನಾನು ಧನ್ಯೆ. ಅದೂ ಹೆಂಡತಿಯ ಫೋನಿನಲ್ಲಿ, ಅವರು ಅಡುಗೆಮನೆಯಲ್ಲಿರುವಾಗ, ಅಲ್ವಾ?

ನಿಮ್ಮ ಮಾತಿನಲ್ಲಿ ನ್ಯಾಯವೇ ಇಲ್ಲ ಎನ್ನುವುದಿಲ್ಲ. ಬೆಳಗಾದರೆ ಗುಲಾಬಿ ಚಿತ್ರದ ಮೇಲೆ ‘ಶುಭೋದಯ’ ಬರೆದು ಕಳಿಸುವವರನ್ನು ಕಂಡರೆ ನನಗೂ ಆಗುವುದಿಲ್ಲ. ಗುಂಪಿನ ವೈದ್ಯವಂತೂ ಅಪಾಯ. ಹೋದ ವರ್ಷ ನಮ್ಮ ಗುಂಪಿನಲ್ಲಿ ಒಬ್ಬರ ಬೆಕ್ಕಿಗೆ ಮೈ ಬಿಸಿಯಾಗಿತ್ತು. ಇನ್ನೊಬ್ಬರು ತಕ್ಷಣ ‘ಅರ್ಧ ಪ್ಯಾರಸಿಟಮಾಲ್ ಕೊಡಿ’ ಎಂದು ಬರೆದರು. ಮನುಷ್ಯರ ಆ ಮಾತ್ರೆ ಬೆಕ್ಕಿಗೆ ವಿಷ. ಒಂದೇ ಮಾತ್ರೆಗೆ ಸಾಯಬಹುದು. ಪುಣ್ಯಕ್ಕೆ ಪಶುವೈದ್ಯೆಯ ತಾಯಿಯೊಬ್ಬರು ಅದೇ ಗುಂಪಿನಲ್ಲಿದ್ದರು. ದೊಡ್ಡ ಅಕ್ಷರದಲ್ಲಿ ಗದರಿದರು, ಬೆಕ್ಕು ಉಳಿಯಿತು. ಎಲೆಚುಕ್ಕೆಯ ಬಗ್ಗೆ ಹೋದ ವರ್ಷ ನಾಲ್ಕು ಲೇಖನ ಹಾಕಿದ್ದೇವೆ, ಮುಂದಿನ ತಿಂಗಳು ಐದನೆಯದು ಬರುತ್ತದೆ. ಇಷ್ಟು ನಿಮ್ಮ ಪಾಲಿಗೆ. ಇನ್ನು ನನ್ನ ಪಾಲು.

‘ಹರಟೆ’ ಎಂದಿರಿ. ನೀವು ತೀರ್ಥಹಳ್ಳಿ ಕಡೆಯವರು, ನಾನು ಸಾಗರದವಳು. ಇಬ್ಬರೂ ಅಡಿಕೆ ಸುಲಿಯುವ ರಾತ್ರಿಗಳನ್ನು ಕಂಡೇ ಬೆಳೆದವರು. ಸುಗ್ಗಿಯಲ್ಲಿ ಅಂಗಳದ ಚಪ್ಪರದ ಕೆಳಗೆ ಹತ್ತು ಹನ್ನೆರಡು ಮೆಟ್ಟುಗತ್ತಿ ಸಾಲಾಗಿ ಕೂರುತ್ತಿದ್ದವು. ನಡುವೆ ಒಂದು ಗ್ಯಾಸ್‌ಲೈಟು. ಕೈ ತನ್ನ ಪಾಡಿಗೆ ಅಡಿಕೆ ಸುಲಿಯುತ್ತಿತ್ತು, ಬಾಯಿ ತನ್ನ ಪಾಡಿಗೆ ಊರು ಸುಲಿಯುತ್ತಿತ್ತು. ಯಾರ ಎಮ್ಮೆ ಗಬ್ಬವಾಯಿತು, ಯಾರ ಮನೆ ನಾಯಿಯನ್ನು ಚಿರತೆ ಹೊತ್ತಿತು, ಯಾವ ಮಾವಿನ ಮರ ಈ ಸಲ ಹೂ ಬಿಟ್ಟಿಲ್ಲ, ಯಾರ ಮಗಳಿಗೆ ಗಂಡು ನೋಡಿದರು. ಎಮ್ಮೆಯಿಂದ ಮದುವೆಗೆ, ಮದುವೆಯಿಂದ ಮಿಡಿ ಉಪ್ಪಿನಕಾಯಿಗೆ ಮಾತು ತಾನಾಗಿ ಹೋಗುತ್ತಿತ್ತು. ಅದನ್ನು ಯಾರೂ ಹರಟೆ ಎನ್ನಲಿಲ್ಲ. ಯಾಕೆ? ಗಂಡಸರೂ ಕೂತಿರುತ್ತಿದ್ದರಲ್ಲ, ಅದಕ್ಕೆ.

ಆಮೇಲೆ ಸುಲಿಯುವ ಯಂತ್ರ ಬಂತು. ಬರಲಿ, ಬೆರಳು ಕೊಯ್ದುಕೊಂಡವರಿಗೆ ಗೊತ್ತು ಅದರ ಬೆಲೆ. ಆದರೆ ಆ ಸದ್ದಿನಲ್ಲಿ ಮಾತಾಡಲು ಆಗುವುದಿಲ್ಲ. ಮೂರು ತಿಂಗಳ ಮಾತು ನಾಲ್ಕೇ ದಿನದಲ್ಲಿ ಮುಗಿದುಹೋಯಿತು. ಅತ್ತ ಮಕ್ಕಳು ಬೆಂಗಳೂರಿಗೆ ಹೋದರು, ಮನೆಯಲ್ಲಿ ಇಬ್ಬರೇ ಉಳಿದರು. ನಮ್ಮದು ಬಯಲುಸೀಮೆಯ ಊರಿನ ಹಾಗೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲ. ಒಂದು ಗುಡ್ಡಕ್ಕೆ ಒಂದು ಮನೆ, ನಡುವೆ ತೋಟ, ಹಳ್ಳ, ಸೊಪ್ಪಿನ ಬೆಟ್ಟ. ಮಧ್ಯಾಹ್ನ ಮೂರು ಗಂಟೆಗೆ ಕಾಗೆ ಕೂಗಿದರೂ ಬೆಚ್ಚಿಬೀಳುವಂಥ ಮೌನ. ಆ ಮೌನದಲ್ಲಿ ಕೂತ ಹೆಂಗಸು ‘ನಮ್ಮನೆ ಸುರಗಿ ಇವತ್ತು ಬಿಟ್ಟಿತು’ ಎಂದು ಬರೆಯುತ್ತಾಳೆ. ಹದಿನೈದು ಮನೆಯಿಂದ ಉತ್ತರ ಬರುತ್ತದೆ. ಮೆಟ್ಟುಗತ್ತಿಗಳು ಮತ್ತೆ ಸಾಲಾಗಿ ಕೂತಿವೆ ಮೇಷ್ಟ್ರೇ. ಈ ಸಲ ನಿಮ್ಮನ್ನು ಕರೆದಿಲ್ಲ, ಅಷ್ಟೇ.

ನಮ್ಮ ಗುಂಪಿನಲ್ಲಿ ಹೊಸನಗರ ಕಡೆಯ ಅಜ್ಜಿಯೊಬ್ಬರಿದ್ದಾರೆ, ಒಬ್ಬರೇ ಇರುವವರು. ಮನೆಯೊಳಗೆ ಸಿಗ್ನಲ್ ಇಲ್ಲ. ಬೇಲಿಯ ದಣಪೆ ದಾಟಿ ಹಲಸಿನ ಮರದ ಬುಡಕ್ಕೆ ಬಂದರೆ ಎರಡು ಕಡ್ಡಿ ಬರುತ್ತದೆ. ದಿನಾ ಬೆಳಗ್ಗೆ ಅಲ್ಲಿಗೆ ಬಂದು ತಮ್ಮ ಬೆಕ್ಕಿನ ಒಂದು ಫೋಟೋ ಹಾಕುತ್ತಾರೆ. ಬೆಕ್ಕು ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿದ ಅದೇ ಫೋಟೋ ಎಂದೇ ನಮಗೆ ಎಷ್ಟೋ ಸಲ ಅನುಮಾನ. ಹೋದ ಜುಲೈನಲ್ಲಿ ಎರಡು ದಿನ ಬೆಕ್ಕು ಬರಲಿಲ್ಲ. ಗುಂಪಿನಲ್ಲಿ ಗಲಿಬಿಲಿ. ಒಬ್ಬರು ತಮ್ಮ ಭಾವನ ಮಗನಿಗೆ ಹೇಳಿದರು. ಅವನು ಮಳೆಯಲ್ಲಿ ಬೈಕು ಹೊಡೆದುಕೊಂಡು ಆರು ಕಿಲೋಮೀಟರ್ ಹೋದ. ನೋಡಿದರೆ ಏನೂ ಆಗಿಲ್ಲ! ಕರೆಂಟಿಲ್ಲದೆ ಫೋನು ಸತ್ತಿದೆ, ಅಜ್ಜಿ ಹಪ್ಪಳ ಕರಿಯುತ್ತಾ ಕೂತಿದ್ದಾರೆ. ‘ನಾ ಸತ್ತೆ ಅಂತ ನೋಡಕ್ಕೆ ಬಂದ್ಯಾ?’ ಎಂದು ಬೈದು, ಕುಡಿಯಲು ಆಸ್ರಿಗೆ ಕೊಟ್ಟು, ಹಪ್ಪಳ ಕಟ್ಟಿ ಕಳಿಸಿದರು. ಆ ಫೋಟೋ ಬೆಕ್ಕಿನದಲ್ಲ ಎಂದು ಆವತ್ತು ನಮಗೆಲ್ಲ ಹೊಳೆಯಿತು.

ಈಗ ಆ 17 ಸಂದೇಶಗಳಿಗೆ ಬರೋಣ. ನಾಯಿ ಮೈಯ ಉಣುಗು. ಉಳಿದದ್ದಕ್ಕೆ ನಕ್ಕೆ, ಇದಕ್ಕೆ ನಗಲಿಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಎಲ್ಲಿ? ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಜಗತ್ತಿನ ವೈದ್ಯರೆಲ್ಲ ಅದನ್ನು ಇವತ್ತಿಗೂ ಆ ಕಾಡಿನ ಹೆಸರಿನಿಂದಲೇ ಕರೆಯುತ್ತಾರೆ. ಮೊದಲ ಸುಳಿವು ಬಂದದ್ದು ಪ್ರಯೋಗಾಲಯದಿಂದಲ್ಲ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಅದನ್ನು ಕಂಡವರು ಬಾಯಿಬಿಟ್ಟು ಹೇಳಿದರು. ಹರಡುವುದು ಉಣುಗಿನಿಂದ. ಕಾಯಿಲೆಯ ಕಾಲ ಚಳಿಗಾಲದಿಂದ ಬೇಸಿಗೆ ಮಳೆಯವರೆಗೆ, ಅಂದರೆ ನೀವು ಸಂದೇಶ ಎಣಿಸುತ್ತಿದ್ದ ಇದೇ ದಿನಗಳು. ಸಾಗರ ತಾಲೂಕಿನ ಅರಳಗೋಡಿನಲ್ಲಿ 2018–19ರಲ್ಲಿ ಈ ಕಾಯಿಲೆಗೆ ಜನ ಬಲಿಯಾದದ್ದು ನಿಮಗೂ ನೆನಪಿರಬೇಕು. ‘ನಮ್ಮನೆ ಮೇಲಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದೆ’ ಎಂಬ ಒಂದು ಸಾಲು ಎಷ್ಟು ಜೀವ ಉಳಿಸಬಹುದು! ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಕೇಳಿಕೊಳ್ಳುವುದೂ ಅದನ್ನೇ: ಮಂಗ ಸತ್ತರೆ ತಿಳಿಸಿ, ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಕೊಳ್ಳಿ, ದನ ನಾಯಿಗಳ ಮೈ ನೋಡಿ. ನಿಮ್ಮ ಮನೆಯವರ ಗುಂಪು ಅದನ್ನೇ ಮಾಡುತ್ತಿತ್ತು. ನಡುವೆ ಸುರಗಿ ಬಂತು, ಬೆಕ್ಕು ಬಂತು, ಅದಕ್ಕೇ ನಿಮಗೆ ಗಂಭೀರವಾಗಿ ಕಾಣಲಿಲ್ಲ.

ಸುರಗಿಗೂ ಒಂದು ಮಾತು. ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಸಹಿಸಿಕೊಳ್ಳಿ. ಕೊಂಬೆಗೇ ಅಂಟಿ ಬಿಡುವ ಹೂವು. ಬೆಳಗಿನ ಜಾವ ಮೊಗ್ಗು ಒಡೆಯುವ ಮೊದಲೇ ಬಿಡಿಸಬೇಕು, ತಡವಾದರೆ ಜೇನುಹುಳ ಬಿಡುವುದಿಲ್ಲ. ಬಾಳೆನಾರಿನಲ್ಲಿ ಪೋಣಿಸಿ ಒಣಗಿಸಿದರೆ ಸೀರೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಪರಿಮಳ. ಮಲ್ಲಿಗೆ ಬಾಡಿದರೆ ಕಸ, ಸುರಗಿ ಒಣಗಿದರೆ ಆಸ್ತಿ. ಎಲ್ಲ ಸೇರಿ ಎರಡು ಮೂರು ವಾರದ ಆಟ. ಅದು ಬಿಟ್ಟ ದಿನ 63 ಸಂದೇಶ ಕಮ್ಮಿಯೇ ಆಯಿತು.

ನಾನು ಸುಮ್ನೆ ಹೆಂಗಸರ ಪಕ್ಷ ವಹಿಸುತ್ತಿಲ್ಲ. ಓದಿದವರ ಸಾಕ್ಷಿಯೂ ಇದೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಹೂ ಯಾವತ್ತು ಪೂರ್ತಿ ಅರಳಿತು ಎಂಬ ಲೆಕ್ಕ ಒಂಬತ್ತನೇ ಶತಮಾನದಿಂದ ಸಿಗುತ್ತದೆ. ಅದನ್ನು ಬರೆದಿಟ್ಟವರು ವಿಜ್ಞಾನಿಗಳಲ್ಲ. ಅರಮನೆಯವರು, ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ ‘ಇಂದು ಹೂ ನೋಡಲು ಹೋದೆವು, ಊಟ ಮಾಡಿದೆವು’ ಎನ್ನುವ ಧಾಟಿಯಲ್ಲಿ ಬರೆದುಕೊಂಡದ್ದು. ಶುದ್ಧ ಹರಟೆ! 2021ರಲ್ಲಿ ಆ ಹೂ ಮಾರ್ಚ್ 26ಕ್ಕೇ ಪೂರ್ತಿ ಅರಳಿತು. ಅದುವರೆಗಿನ ಸುಮಾರು 1200 ವರ್ಷಗಳ ಲೆಕ್ಕದಲ್ಲಿ ಅಷ್ಟು ಬೇಗ ಅರಳಿದ್ದಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂದು ತೋರಿಸಲು ಈಗ ವಿಜ್ಞಾನಿಗಳು ಆ ಹರಟೆಯನ್ನೇ ಮುಂದಿಡುತ್ತಾರೆ.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಿಂದ ಹೀಗೆ ಬರೆದಿಡಲು ಶುರು ಮಾಡಿದ. ಮೊದಲ ಹೂ ಯಾವತ್ತು, ಮೊದಲ ಕೋಗಿಲೆ ಯಾವತ್ತು, ಕಪ್ಪೆ ವಟಗುಟ್ಟಿದ್ದು ಯಾವತ್ತು. ಅವನು ಸತ್ತ ಮೇಲೆ ಅವನ ವಂಶದವರು 1958ರವರೆಗೂ ಆ ಚಾಳಿ ಬಿಡಲಿಲ್ಲ. ಮುದುಕನಾದ ಮೇಲೆ ಮಾರ್ಷಮ್‌ಗೆ ಒಬ್ಬ ಕಾಗದದ ಗೆಳೆಯ ಸಿಕ್ಕಿದ, ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್. ಈ ವೈಟ್ ಅದಕ್ಕೂ ಮೊದಲು ಬೇರೆ ಇಬ್ಬರು ಗೆಳೆಯರಿಗೆ ವರ್ಷಗಟ್ಟಲೆ ಕಾಗದ ಬರೆದವನು. ಹಕ್ಕಿ, ಹೂವು, ಮಳೆ, ಹಿತ್ತಲು, ಇದೇ ವಿಷಯ. ಆ ಕಾಗದಗಳು 1789ರಲ್ಲಿ ಪುಸ್ತಕವಾಗಿ ಬಂದವು. ಇವತ್ತಿಗೂ ಅಚ್ಚಾಗುತ್ತಿವೆ. ಅವನ ಹತ್ತಿರ ಒಂದು ಸಾಕಿದ ಆಮೆಯೂ ಇತ್ತು. ಸೋದರತ್ತೆ ಸತ್ತಾಗ ಬಂದ ಬಳುವಳಿ. ಹೆಸರು ಟಿಮೊಥಿ. ಅದು ಯಾವತ್ತು ಮಣ್ಣಿನಿಂದ ಎದ್ದಿತು, ಏನು ತಿಂದಿತು ಎಂದು ಬರೆದದ್ದೇ ಬರೆದದ್ದು. ಗಂಡು ಎಂದೇ ಎಲ್ಲರೂ ತಿಳಿದಿದ್ದರು. ಅವನು ಹೋದ ಮೇಲೆ ನೋಡಿದರೆ ಹೆಣ್ಣಾಮೆ! ಅದರ ಚಿಪ್ಪನ್ನು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಪಾದ್ರಿಯೊಬ್ಬ ಆಮೆಯ ಬಗ್ಗೆ ಬರೆದರೆ ಅದು ಪ್ರಕೃತಿ ಶಾಸ್ತ್ರ. ನಿಮ್ಮ ಮನೆಯವರು ಅಟ್ಟದ ಬೆಕ್ಕಿನ ಬಗ್ಗೆ ಬರೆದರೆ 214 ಸಂದೇಶ.

ಪರದೇಶದ ಮಾತು ಬಿಡಿ ಎನ್ನುತ್ತೀರಾ? ನಿಮ್ಮ ತಾಲೂಕಿಗೇ ಬರೋಣ. ಕುಪ್ಪಳಿಯ ಕುವೆಂಪು ತಮ್ಮ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿಯ ಜೊತೆಗೆ ಅವನ ನಾಯಿ ಹುಲಿಯನನ್ನೂ ನಡೆಸಿಕೊಂಡು ಹೋದರು. ಓದಿದವರಿಗೆ ಅದರಲ್ಲಿನ ಅರ್ಧ ಗೌಡರ ಹೆಸರು ಮರೆತಿದೆ, ಆ ನಾಯಿಯ ಹೆಸರು ಮರೆತಿಲ್ಲ. ಮೂಡಿಗೆರೆಯ ತೇಜಸ್ವಿಯವರ ‘ಕಿವಿ’ ಎಂಬ ನಾಯಿಯೂ ಹಾಗೆಯೇ. ದೊಡ್ಡವರು ಬರೆದಾಗ ನಾಯಿ ಸಾಹಿತ್ಯದೊಳಗೆ ಬಾಲ ಆಡಿಸಿಕೊಂಡು ಬರಬಹುದು. ‘ಹಿತ್ತಲ ಮಾತು’ ಪುಟಕ್ಕೆ ಬಂದರೆ ಮಾತ್ರ ಹಚಾ ಎನ್ನಬೇಕೆ?

ನನಗೆ ಇಷ್ಟು ಕಾವು ಯಾಕೆ ಎಂದು ಹೇಳಿಬಿಡುತ್ತೇನೆ. ನನ್ನ ಅಮ್ಮ ಪ್ರತಿ ವರ್ಷದ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ‘ಸುರಗಿ ಬಿಟ್ಟಿತು.’ ‘ಗೌರಿ ಕರು ಹಾಕಿತು, ಹೋರಿ.’ ‘ಮೊದಲ ಮಳೆ, ನಾಲ್ಕು ಹನಿ.’ ‘ಸೀತಾಳೆ ದಂಡೆ ಬಿಟ್ಟಿತು, ಹಲಸಿನ ಮರದ್ದು.’ ‘ಕಾಳ ಬರಲಿಲ್ಲ.’ ಕಾಳ ನಮ್ಮ ನಾಯಿ. ಮಾರನೆಯ ದಿನದ ಅಂಚಿನಲ್ಲೂ ಅದೇ, ‘ಕಾಳ ಬರಲಿಲ್ಲ.’ ಮೂರನೆಯ ದಿನ ಏನೂ ಬರೆದಿಲ್ಲ. ಹೀಗೆ ಮೂವತ್ತಕ್ಕೂ ಜಾಸ್ತಿ ವರ್ಷದ ಪಂಚಾಂಗ. ಅಪ್ಪನದು ಬೇರೆ ಪುಸ್ತಕ, ಅಡಿಕೆಯ ಧಾರಣೆ, ಕೊನೆಗಾರರ ಕೂಲಿ, ಮಂಡಿಯ ಲೆಕ್ಕ. ಅಪ್ಪ ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಟ್ಟೆವು. ಈಗಲೂ ಇವೆ. ಅಮ್ಮನ ಪಂಚಾಂಗಗಳು ಬಚ್ಚಲ ಒಲೆ ಹೊತ್ತಿಸಲು ಹೋದವು. ಹಾಕಿದವಳು ನಾನೇ. ಆಗ ನಾನು ಕಾಲೇಜು ಮುಗಿಸಿದ ಬುದ್ಧಿವಂತೆ. ಹಳೆಯ ಪಂಚಾಂಗ ಯಾರಿಗೆ ಬೇಕು?

ಅಪ್ಪನ ಪುಸ್ತಕದಲ್ಲಿರುವ ಧಾರಣೆ ಹಳೆಯ ದಿನಪತ್ರಿಕೆಗಳಲ್ಲೂ ಸಿಗುತ್ತದೆ. ನಮ್ಮ ಹಿತ್ತಲಿನ ಸುರಗಿ ನಾನು ಹುಟ್ಟಿದ ವರ್ಷ ಯಾವತ್ತು ಬಿಟ್ಟಿತು ಎಂಬುದು ಇನ್ನು ಎಲ್ಲೂ ಸಿಗುವುದಿಲ್ಲ. ಹೂವು ಈಗ ಬೇಗ ಬಿಡುತ್ತಿದೆಯೇ, ತಡವಾಗಿ ಬಿಡುತ್ತಿದೆಯೇ? ಅಮ್ಮ ಹೇಳಬಹುದಿತ್ತು. ನಾನು ನೀರು ಕಾಯಿಸಿಕೊಂಡೆ.

ಬರೆದಿಡುವವರು ಯಾರು, ಬರೆದದ್ದನ್ನು ಸುಡುವವರು ಯಾರು ಎಂದು ಆಮೇಲೆ ಎಲ್ಲ ಕಡೆ ನೋಡತೊಡಗಿದೆ. ಕೆಲವು ವರ್ಷದ ಹಿಂದೆ ನಮ್ಮ ಕಡೆ ರಸ್ತೆ ಅಗಲ ಮಾಡಿದರು. ಕಡಿಯುವ ಮರಗಳ ಪಟ್ಟಿ ನೋಡಲು ಒಂದು ಕಚೇರಿಗೆ ಹೋಗಿದ್ದೆ. ಸಾಗುವಾನಿ ಇಷ್ಟು, ಬೀಟೆ ಇಷ್ಟು, ಮತ್ತಿ ಇಷ್ಟು. ಕೆಳಗೆ ದೊಡ್ಡ ಅಂಕಿ, ‘ಇತರೆ ಕಾಡುಜಾತಿ’. ‘ಇತರೆ ಅಂದರೆ ಯಾವುದು?’ ಎಂದು ಕೇಳಿದೆ. ‘ಇತರೆ ಅಂದರೆ ಇತರೆ, ಮೇಡಂ’ ಎಂದರು. ರಂಜದ ಮರ, ಸುರಗಿ, ನಾಗಸಂಪಿಗೆ ಎಲ್ಲ ಆ ಇತರೆಯೊಳಗೆ. ನಮ್ಮ ಗುಂಪಿನ ಯಾರನ್ನು ಕರೆದುಕೊಂಡು ಹೋಗಿದ್ದರೂ ಮರದ ಹೆಸರು ಮಾತ್ರವಲ್ಲ, ಅದು ಯಾವ ತಿಂಗಳು ಬಿಡುತ್ತದೆ, ಯಾರ ಮದುವೆಗೆ ಅದರ ಹೂ ಕೊಯ್ದಿದ್ದರು ಎಂಬುದನ್ನೂ ಹೇಳುತ್ತಿದ್ದರು. ಶಾಲೆಯದೂ ಇದೇ ಕತೆ. ನೀವು ಎಷ್ಟು ವರ್ಷ ಡ್ಯಾಫೋಡಿಲ್ ಹೂವಿನ ಪದ್ಯ ಬಾಯಿಪಾಠ ಮಾಡಿಸಿದಿರಿ ಮೇಷ್ಟ್ರೇ? ಮಕ್ಕಳೂ ನೋಡಿರಲಿಲ್ಲ, ಬಹುಶಃ ನೀವೂ ನೋಡಿರಲಿಲ್ಲ. ಶಾಲೆಯ ಹಿಂದೆ ಮುತ್ತುಗ ಬೆಂಕಿ ಹತ್ತಿದ ಹಾಗೆ ನಿಂತಿರುತ್ತಿತ್ತು.

ಡ್ಯಾಫೋಡಿಲ್ ಎಂದಾಗ ನೆನಪಾಯಿತು. ನಮ್ಮ ಗುಂಪಿನಲ್ಲೂ ಒಬ್ಬಳು ಅಮೆರಿಕದವಳಿದ್ದಾಳೆ, ಶಿಕಾಗೋ ಹತ್ತಿರ. ಮಾರ್ಚಿನಲ್ಲಿ ಹಿಮ ಇನ್ನೂ ಕರಗುತ್ತಿರುವಾಗಲೇ ನೆಲದಿಂದ ಎದ್ದ ನೇರಳೆ ಬಣ್ಣದ ಪುಟ್ಟ ಹೂವಿನ ಚಿತ್ರ ಹಾಕಿದಳು. ಅದರ ಹೆಸರು ಕ್ರೋಕಸ್. ಡ್ಯಾಫೋಡಿಲ್ ಅದರ ಹಿಂದೆ ಬರುತ್ತದಂತೆ. ಕೇಸರಿ ಇದೇ ಕುಲದ ಹೂವು ಎಂದು ಅವಳು ಬರೆದದ್ದೇ ತಡ, ಇಲ್ಲಿಂದ ಹನ್ನೊಂದು ಜನ ‘ಕಿತ್ತಿಡು, ಕೇಸರಿಭಾತಿಗೆ ಆಗುತ್ತದೆ’ ಎಂದರು. ಪಾಪ, ಅವಳು ಕೂತು ವಿವರಿಸಿದಳು. ಕೇಸರಿಯ ಜಾತಿ ಬೇರೆ, ಅದು ಹೂ ಬಿಡುವುದು ಚಳಿ ಶುರುವಾಗುವ ಮೊದಲು, ಇದನ್ನು ಹಾಕಿ ಯಾರೂ ಭಾತು ಮಾಡಬಾರದು ಎಂದು. ಆಮೇಲೆ ತಾನೇ ಕೇಳಿದಳು, ‘ಅತ್ತೆ ಮನೆ ಹಿಂದಿನ ಅಪ್ಪೆಮಿಡಿ ಮರ ಹೂ ಬಿಟ್ಟಿದೆಯಾ?’ ಆ ಮನೆಗೆ ಬೀಗ ಬಿದ್ದು ನಾಲ್ಕು ವರ್ಷವಾಗಿದೆ. ಪಕ್ಕದ ತೋಟದವರು ಹೋಗಿ ಮರದ ಫೋಟೋ ತೆಗೆದು ಹಾಕಿದರು. ತುಂಬ ಹೂವಿತ್ತು. ಅವಳಿಂದ ಉತ್ತರ ಬಂದದ್ದು ಮಾರನೆಯ ದಿನ.

ನನ್ನ ದೊಡ್ಡಮ್ಮನ ಊರು ಶರಾವತಿ ಕಣಿವೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಊರು ನೀರಿಗೆ ಹೋಯಿತು. ಅವರು ಶಿವಮೊಗ್ಗದ ಬಯಲಿಗೆ ಗಾಡಿ ಹತ್ತುವಾಗ ಪಾತ್ರೆಗಳ ನಡುವೆ ಒಂದು ಕುಕ್ಕೆಯಲ್ಲಿ ಡೇರೆ ಹೂವಿನ, ಅಂದರೆ ಡೇಲಿಯಾದ, ಗೆಡ್ಡೆ ಇಟ್ಟುಕೊಂಡಿದ್ದರು. ದಾರಿಯಲ್ಲಿ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದರು. ಅಮ್ಮನಿಗೆ ಎರಡು ಗೆಡ್ಡೆ ಕೊಟ್ಟರು. ಬಯಲಿನ ಬಿಸಿಲಿಗೆ ದೊಡ್ಡಮ್ಮನ ಡೇರೆ ಬರಲಿಲ್ಲ, ಮೊದಲ ವರ್ಷವೇ ಕೊಳೆಯಿತು. ನಮ್ಮಲ್ಲಿದ್ದದ್ದು ಉಳಿಯಿತು. ಕೆಂಪು ದಳ, ತುದಿಯಲ್ಲಿ ಬಿಳಿ. ನಮ್ಮ ಬಳಗದಲ್ಲಿ ಅದಕ್ಕೆ ‘ಮುಳುಗಡೆ ಡೇರೆ’ ಎಂದೇ ಹೆಸರು. ಈ ಹೂವಿನ ಮೂಲ ಮೆಕ್ಸಿಕೋ, ಅದರ ಹೆಸರು ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯಶಾಸ್ತ್ರಜ್ಞನಿಂದ ಬಂದದ್ದು. ಇರಲಿ. ನಮಗೆ ಅದು ಮುಳುಗಿದ ಊರಿನದು. ದೊಡ್ಡಮ್ಮನ ಊರಿಗೆ ಈಗ ನಕ್ಷೆಯಲ್ಲೂ ಜಾಗವಿಲ್ಲ. ನಮ್ಮ ಗುಂಪಿನ ಒಂಬತ್ತು ಮನೆಗಳ ಅಂಗಳದಲ್ಲಿ ಶ್ರಾವಣಕ್ಕೆ ಅದು ಅರಳುತ್ತದೆ. ಈಗ ಮಾರ್ಚಿನಲ್ಲಿ ಗೆಡ್ಡೆಗಳು ಒಣ ಮರಳಿನಲ್ಲಿ ಮಲಗಿವೆ. ಹೋದ ವಾರ ಗುಂಪಿನಲ್ಲಿ ಅದರದೇ ಚರ್ಚೆ, ಮರಳೋ ಬೂದಿಯೋ ಎಂದು. ನಾನು ಎಣಿಸಲಿಲ್ಲ, ಐವತ್ತಕ್ಕೆ ಕಮ್ಮಿ ಇರಲಿಲ್ಲ.

ಹಾಗಾಗಿ ‘ಹಿತ್ತಲ ಮಾತು’ ನಿಲ್ಲುವುದಿಲ್ಲ. ಇನ್ನೂ ಅರ್ಧ ಪುಟ ಜಾಸ್ತಿಯಾದರೂ ಆದೀತು. ನಿಮ್ಮ ಚಂದಾ ಜೂನ್‌ಗೆ ಮುಗಿಯುತ್ತದೆ ಎಂದು ನಮ್ಮ ಕಚೇರಿಯವರು ನೆನಪಿಸಿದರು. ಮುಂದುವರಿಸುವುದು ಬಿಡುವುದು ನಿಮ್ಮಿಷ್ಟ. ಬಿಟ್ಟರೆ ನಿಮ್ಮ ಮನೆಯವರ ಹೆಸರಿಗೆ ಪತ್ರಿಕೆ ಕಳಿಸುತ್ತೇನೆ, ಹೇಗೂ ಓದುವವರು ನೀವೇ.

ಇನ್ನೊಂದು ವಿಷಯ. ಬೆಕ್ಕು ಮೂರು ಮರಿ ಹಾಕಿದೆ ಎಂದಿದ್ದೀರಿ. ಅದೇ ಕಾಗದದ ಹಿಂಬದಿಯಲ್ಲಿ, ಬಹುಶಃ ಮರೆತು, ‘ಎರಡು ಬೂದಿ ಬಣ್ಣದವು, ಕಿವಿಯ ಹತ್ತಿರ ಮಚ್ಚೆ ಇರುವುದು ಸ್ವಲ್ಪ ಪುಕ್ಕಲು’ ಎಂದು ಬರೆದಿದ್ದೀರಿ. ಅಚ್ಚು ಮಾಡುವಾಗ ಅದನ್ನು ಬಿಟ್ಟಿದ್ದೇನೆ, ನಿಮ್ಮ ಮರ್ಯಾದೆಗೆ. ನಮ್ಮ ಅಟ್ಟದಲ್ಲಿ ಈ ವರ್ಷ ಇಲಿಗಳ ಕಾಟ ಜಾಸ್ತಿ. ಪುಕ್ಕಲು ಮರಿಗೆ ಇನ್ನೂ ಯಾರೂ ಸಿಕ್ಕಿಲ್ಲದಿದ್ದರೆ ನಮಗೆ ಕೊಡಿ. ಹೆಣ್ಣಾದರೂ ಅಡ್ಡಿಯಿಲ್ಲ. ಕಣ್ಣು ಬಿಟ್ಟು ಅನ್ನ ತಿನ್ನಲು ಕಲಿತ ಮೇಲೆ ತಿಳಿಸಿದರೆ ನಾನೇ ಬುಟ್ಟಿ ಹಿಡಿದುಕೊಂಡು ಬರುತ್ತೇನೆ.